ಕತ್ತಲೆಯ ಕೊಯ್ಲು

23 ಬ್ಲಾಕ್ ಎತ್ತರದಿಂದ ಬಿದ್ದ ಜೋಂಬಿ ಸಾಯುತ್ತದೆ. 22 ಬ್ಲಾಕ್ ಎತ್ತರದಿಂದ ಬಿದ್ದದ್ದು ಸಾಯುವುದಿಲ್ಲ. ಅರ್ಧ ಹೃದಯದಷ್ಟು ಜೀವ ಉಳಿಸಿಕೊಂಡು ನೆಲ ಮುಟ್ಟುತ್ತದೆ. ಬರಿಗೈಯಲ್ಲಿ ಒಂದು ಗುದ್ದಿದರೆ ಅದೂ ಮುಗಿಯಿತು. ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ ಬಲೆ ಕಟ್ಟುವವರಿಗೆ ಈ ಒಂದು ಬ್ಲಾಕಿನ ವ್ಯತ್ಯಾಸ ಬಾಯಿಪಾಠ. ಆಟ ಇದನ್ನು ಎಲ್ಲಿಯೂ ಹೇಳಿಕೊಡುವುದಿಲ್ಲ. ಯಾರೋ ಬೀಳಿಸಿ ನೋಡಿದರು, ಎಣಿಸಿದರು, ಪಕ್ಕದವರಿಗೆ ತಿಳಿಸಿದರು. ಹೀಗೆ ಬಿದ್ದು, ಮುಳುಗಿ, ಸುಟ್ಟು, ಎಣಿಸಿ ಕಲಿತ ವಿದ್ಯೆಗೆ ಈಗ ಹದಿನೈದು ವರ್ಷ ದಾಟಿದ ಇತಿಹಾಸವಿದೆ. ಅಷ್ಟು ಕಡಿಮೆ ಅವಧಿಯಲ್ಲೇ ಅದು ಬೇಟೆಯಿಂದ ಬೇಸಾಯಕ್ಕೆ, ಬೇಸಾಯದಿಂದ ಕಾರ್ಖಾನೆಗೆ ಬಂದು ನಿಂತಿದೆ. ಆಟ ಕಟ್ಟಿದವರು ರಾತ್ರಿಯನ್ನು ಭಯವೆಂದು ಇಟ್ಟರು, ಆಡುವವರು ಅದನ್ನು ಉತ್ತು ಬಿತ್ತುವ ಹೊಲ ಮಾಡಿಕೊಂಡರು.

2009ರ ಮೇ ತಿಂಗಳಲ್ಲಿ ಸ್ವೀಡನ್ನಿನ ಮಾರ್ಕಸ್ ಪೆರ್ಸನ್ ಈ ಆಟದ ಮೊದಲ ರೂಪವನ್ನು ಹೊರಬಿಟ್ಟಾಗ ಅದರಲ್ಲಿ ಭಯವೂ ಇರಲಿಲ್ಲ, ಹಸಿವೂ ಇರಲಿಲ್ಲ. ಜ್ಯಾಕರಿ ಬಾರ್ತ್ ಎಂಬ ಅಮೆರಿಕದ ವಿನ್ಯಾಸಕ ಅದೇ ವರ್ಷ ಮಾಡಿದ್ದ ‘ಇನ್ಫಿನಿಮೈನರ್’ ಆಟದ ಪ್ರಭಾವ ಅದರ ಮೇಲೆ ಎದ್ದು ಕಾಣುತ್ತಿತ್ತು. ಚೌಕದ ಬ್ಲಾಕ್ ಒಡೆಯುವುದು, ಚೌಕದ ಬ್ಲಾಕ್ ಇಡುವುದು, ಅಷ್ಟೇ. ಕೆಲವೇ ತಿಂಗಳಲ್ಲಿ, ಸೆಪ್ಟೆಂಬರ್ ಹೊತ್ತಿಗೆ, ಉಳಿವಿನ ಪರೀಕ್ಷೆ ಎಂಬ ಹೆಸರಿನಲ್ಲಿ ಜೋಂಬಿ, ಬಿಲ್ಲು ಹಿಡಿದ ಅಸ್ಥಿಪಂಜರ, ಜೇಡ, ಕ್ರೀಪರ್ ಬಂದವು. ಕ್ರೀಪರ್ ಹುಟ್ಟಿದ್ದೇ ಒಂದು ತಪ್ಪು ಲೆಕ್ಕದಿಂದ. ಹಂದಿಯ ಆಕಾರ ಮಾಡಹೊರಟ ಪೆರ್ಸನ್ ಉದ್ದ ಬರಬೇಕಾದಲ್ಲಿ ಎತ್ತರವನ್ನೂ ಎತ್ತರ ಬರಬೇಕಾದಲ್ಲಿ ಉದ್ದವನ್ನೂ ಕೊಟ್ಟರು. ನಾಲ್ಕು ಗಿಡ್ಡ ಕಾಲಿನ ಮೇಲೆ ನೆಟ್ಟಗೆ ನಿಂತ, ಕೈಯಿಲ್ಲದ ವಿಚಿತ್ರ ಜೀವಿಯೊಂದು ಎದ್ದಿತು. ಅದಕ್ಕೆ ಹಸಿರು ಮೈ ಕೊಟ್ಟು, ಆಟಗಾರನ ಹತ್ತಿರ ಸದ್ದಿಲ್ಲದೆ ಬಂದು ಸಿಡಿಯುವ ಗುಣ ಕೊಟ್ಟರು. ಮನೆ ಕಟ್ಟುವುದೇ ಮುಖ್ಯವಾದ ಆಟದಲ್ಲಿ ಮನೆಯ ಗೋಡೆಯನ್ನೇ ಹಾರಿಸುವ ಶತ್ರು ಅದು. ಮುಂದೆ ಬಲೆ ಕಟ್ಟುವವರ ಬುದ್ಧಿಯನ್ನು ಬೇರೆ ಯಾವ ಜೀವಿಗಿಂತಲೂ ಹೆಚ್ಚು ಕೆಲಸಕ್ಕೆ ಹಚ್ಚಿದ್ದೂ ಈ ಕ್ರೀಪರೇ.

2010ರ ಆರಂಭದಲ್ಲಿ ಒಂದು ವಸ್ತುವಿನಿಂದ ಇನ್ನೊಂದನ್ನು ಮಾಡಿಕೊಳ್ಳುವ ಏರ್ಪಾಡು ಸೇರಿತು. ಅಲ್ಲಿಂದ ಇಂದಿನವರೆಗೂ ಮೊದಲ ದಿನದ ಕೆಲಸ ಬದಲಾಗಿಲ್ಲ. ಬರಿಗೈಯಿಂದ ಮರ ಗುದ್ದಿ ದಿಮ್ಮಿ ತೆಗೆಯಬೇಕು. ಒಂದು ದಿಮ್ಮಿಗೆ ನಾಲ್ಕು ಹಲಗೆ, ನಾಲ್ಕು ಹಲಗೆಗೆ ಒಂದು ಕೆಲಸದ ಮೇಜು. ಮೇಜಿನ ಮೇಲೆ ಮೂರು ಹಲಗೆ, ಎರಡು ಕಡ್ಡಿ ಸೇರಿಸಿದರೆ ಮರದ ಪಿಕಾಸಿ. ಅದರ ಬಾಳಿಕೆ 59 ಬ್ಲಾಕ್. ಅಷ್ಟರೊಳಗೆ ಕಲ್ಲು ಒಡೆದು ಕಲ್ಲಿನ ಪಿಕಾಸಿ ಮಾಡಿಕೊಂಡರೆ 131, ಕಬ್ಬಿಣದ್ದಾದರೆ 250, ವಜ್ರದ್ದಾದರೆ 1,561. ಕಲ್ಲಿದ್ದಲು ಸಿಕ್ಕರೆ ಒಂದು ಕಡ್ಡಿಗೆ ಒಂದು ತುಂಡು ಸೇರಿಸಿ ನಾಲ್ಕು ಪಂಜು. ಇದೆಲ್ಲ ಸಂಜೆಯೊಳಗೆ ಆಗಬೇಕು. ಆಟದ ಒಂದು ಇಡೀ ದಿನವೆಂದರೆ ನಮ್ಮ 20 ನಿಮಿಷ, ಅದರಲ್ಲಿ ಹಗಲಿನ ಪಾಲು ಹತ್ತು.

ಈ ಯಾವ ಲೆಕ್ಕವನ್ನೂ ಆಟ ತಾನಾಗಿ ಹೇಳುತ್ತಿರಲಿಲ್ಲ. ಏನನ್ನು ಹೇಗೆ ಜೋಡಿಸಬೇಕೆಂದು ತೋರಿಸುವ ಪುಸ್ತಕ ಆಟದೊಳಗೆ ಬಂದದ್ದು 2017ರಲ್ಲಿ. ಅಲ್ಲಿಯವರೆಗೆ ವಿದ್ಯೆ ಬಾಯಿಂದ ಬಾಯಿಗೆ, ವಿಡಿಯೊದಿಂದ ವಿಡಿಯೊಗೆ ಹರಿಯಿತು. ಮೊದಲ ರಾತ್ರಿ ಬದುಕುಳಿಯುವುದು ಹೇಗೆಂದು ಪಾಲ್ ಸೋರೆಸ್ ಜೂನಿಯರ್ 2010ರಲ್ಲಿ ಮಾಡಿದ ಪಾಠದ ವಿಡಿಯೊ ಒಂದು ತಲೆಮಾರಿನ ಆಟಗಾರರಿಗೆ ಅಕ್ಷರಾಭ್ಯಾಸವಾಯಿತು. ಬೇರೆಯವರಿಗೆ ತಿಳಿಸಿಕೊಡುವ ಈ ಗುಣ ಆಟದ ಸುತ್ತ ಇಂದಿಗೂ ಉಳಿದಿದೆ. ಕಂಪ್ಯೂಟರ್ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಅದರ ಅನುವಾದ ಸಂಬಳಕ್ಕೆ ಮಾಡಿದ್ದಲ್ಲ, ಸ್ವಯಂಸೇವಕರದು.

ಬಲೆಯ ಮೂಲ ಮರ್ಮ ಬೆಳಕಿನಲ್ಲಿದೆ. ಆಟದ ಪ್ರತಿ ಬ್ಲಾಕಿಗೂ 0ಯಿಂದ 15ರವರೆಗೆ ಒಂದು ಬೆಳಕಿನ ಅಂಕಿ ಇರುತ್ತದೆ. ಪಂಜು ಇಟ್ಟಲ್ಲಿ ಅದು 14, ದೂರ ಸರಿದಂತೆ ಬ್ಲಾಕಿಗೊಂದು ಕಡಿಮೆ. ಬಹುಕಾಲ ನಡೆದ ನಿಯಮದ ಪ್ರಕಾರ 7 ಅಥವಾ ಅದಕ್ಕಿಂತ ಕಡಿಮೆ ಬೆಳಕಿರುವ ಜಾಗದಲ್ಲಿ ರಾತ್ರಿಯ ಜೀವಿಗಳು ಹುಟ್ಟಬಹುದಿತ್ತು. ರಾತ್ರಿಯೇ ಆಗಬೇಕೆಂದಿಲ್ಲ, ಕತ್ತಲೆ ಇದ್ದರೆ ಸಾಕು. ಈ ಮಾತಿನ ಮೊದಲರ್ಧವನ್ನು ಹೊಸಬರೆಲ್ಲ ಬೇಗ ಕಲಿತರು: ಮನೆಯೊಳಗೆ ಪಂಜು ಹಚ್ಚು. ಎರಡನೆಯ ಅರ್ಧವನ್ನು ಕೆಲವರು ತಿರುಗಿಸಿ ನೋಡಿದರು. ಬೆಳಕಿನಿಂದ ಅವನ್ನು ತಡೆಯಬಹುದಾದರೆ ಕತ್ತಲೆಯಿಂದ ಕರೆಯಲೂಬಹುದಲ್ಲ? ನಾಲ್ಕು ಗೋಡೆ ಕಟ್ಟಿ, ಮೇಲೆ ಚಾವಣಿ ಹಾಕಿ, ಒಳಗೆ ಬೇಕೆಂದೇ ಒಂದೂ ಪಂಜು ಇಡದಿದ್ದರೆ ಮಧ್ಯಾಹ್ನದ ಬಿಸಿಲಿನಲ್ಲೂ ಒಳಗೆ ಬೆಳೆ ಏಳುತ್ತದೆ. ಜೋಂಬಿ ಬೇಟೆ ಬೇಸಾಯವಾದದ್ದು ಈ ಘಳಿಗೆಯಲ್ಲಿ. ಇಡೀ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹೊರಳು ಇನ್ನೊಂದಿಲ್ಲ.

ಬೆಳೆ ಎದ್ದರೆ ಸಾಲದು, ಕೊಯ್ಯಬೇಕು. ಕೊಯ್ಲಿಗೆ ಒದಗಿದ್ದು ನೀರು. ಮೈನ್‌ಕ್ರಾಫ್ಟಿನ ನೀರು ಸಮತಟ್ಟು ನೆಲದ ಮೇಲೆ, ಸುರಿದ ಬ್ಲಾಕನ್ನೂ ಸೇರಿಸಿ, ಎಂಟೇ ಬ್ಲಾಕ್ ಹರಿದು ನಿಂತುಬಿಡುತ್ತದೆ. ಹರಿಯುವ ನೀರಿಗೆ ಸಿಕ್ಕ ಜೀವಿಯೂ ವಸ್ತುವೂ ಅದರೊಂದಿಗೆ ಸಾಗುತ್ತವೆ. ಹೀಗಾಗಿ ಹಳೆಯ ಗೋಪುರಗಳ ಅಳತೆಯೆಲ್ಲ ಎಂಟರದ್ದು. ನಾಲ್ಕು ದಿಕ್ಕಿಗೆ ಎಂಟೆಂಟು ಬ್ಲಾಕಿನ ಕಾಲುವೆ, ನಡುವೆ ಒಂದು ಗುಂಡಿ, ಕಾಲುವೆಗಳ ನಡುವಿನ ಮೂಲೆಗಳಲ್ಲಿ ಕತ್ತಲೆಯ ಜಗಲಿ. ಜಗಲಿಯ ಮೇಲೆ ಹುಟ್ಟಿದ್ದು ಅಡ್ಡಾಡುತ್ತ ಕಾಲುವೆಗೆ ಬೀಳುತ್ತದೆ, ಕಾಲುವೆ ಗುಂಡಿಗೆ ತಳ್ಳುತ್ತದೆ, ಗುಂಡಿಯ ಆಳ ಉಳಿದ ಕೆಲಸ ಮುಗಿಸುತ್ತದೆ.

ಗುಂಡಿಯೊಂದೇ ದಾರಿಯಾಗಿರಲಿಲ್ಲ. 2010, 11ರ ಆಟಗಾರರು ಕೈಗೆ ಸಿಕ್ಕಿದ್ದನ್ನೆಲ್ಲ ಪ್ರಯೋಗಿಸಿದರು. ಕೆಲವರು ಪಾಪಾಸುಕಳ್ಳಿಗೆ ತಳ್ಳಿ ಕೊಂದರು, ಆದರೆ ಕಳ್ಳಿ ಸತ್ತವರು ಬಿಟ್ಟುಹೋದ ವಸ್ತುಗಳನ್ನೂ ತಿಂದುಹಾಕುತ್ತಿತ್ತು. ಕೆಲವರು ತಲೆಮಟ್ಟದಲ್ಲಿ ನೀರು ನಿಲ್ಲಿಸಿ ಉಸಿರು ಕಟ್ಟಿಸಿದರು. ಎಲ್ಲಕ್ಕಿಂತ ಚೆಂದದ್ದು ಲಾವಾ ಬ್ಲೇಡ್. ಆಟದಲ್ಲಿ ಗೋಡೆಗೆ ಹೊಡೆದ ಫಲಕವಾಗಲಿ ಏಣಿಯಾಗಲಿ ಹರಿಯುವುದನ್ನು ತಡೆದು ನಿಲ್ಲಿಸುತ್ತದೆ. ಕಾಲುವೆಗೆ ಅಡ್ಡಲಾಗಿ, ನೆಲದಿಂದ ಒಂದು ಬ್ಲಾಕ್ ಮೇಲೆ, ಫಲಕದ ಆಸರೆಯಲ್ಲಿ ಲಾವಾ ನಿಲ್ಲಿಸಿದರೆ ನೀರಿನಲ್ಲಿ ಬರುವ ಜೋಂಬಿಯ ತಲೆಗೆ ಬೆಂಕಿ ತಾಗುತ್ತದೆ. ಅದು ಬಿಟ್ಟುಹೋದ ವಸ್ತು ಕೆಳಗಿನ ನೀರಿನಲ್ಲಿ ಸುಡದೆ ತೇಲಿಹೋಗುತ್ತದೆ. ಬೆಂಕಿಯ ಕೆಳಗೆ ನೀರು, ನಡುವೆ ಒಂದು ಮರದ ಫಲಕ: ನಿಜ ಜಗತ್ತಿನಲ್ಲಿ ಎಂದೂ ನಿಲ್ಲದ ಯಂತ್ರ. ಆ ಜಗತ್ತಿನ ಭೌತಶಾಸ್ತ್ರವನ್ನು ಅದರ ಮಾತಿನಲ್ಲೇ ಓದಿದವರಿಗಷ್ಟೇ ಹೊಳೆಯುವಂಥದ್ದು.

ಜೇಡ ಮಾತ್ರ ಎಲ್ಲರನ್ನೂ ಕಾಡಿತು. ಗಿಡ್ಡ ಜೀವಿಯಾದ್ದರಿಂದ ಲಾವಾದ ಕೆಳಗೆ ನುಸುಳುತ್ತದೆ. ಗೋಡೆ ಹತ್ತುವುದರಿಂದ ಗುಂಡಿಯ ಬಾಯಲ್ಲೇ ಅಂಟಿಕೊಂಡು ಹಿಂದೆ ಬರುವ ಜೋಂಬಿಗಳಿಗೆ ದಾರಿ ಕಟ್ಟುತ್ತದೆ. ಆದರೆ ಅದರ ಮೈ ಒಂದು ಬ್ಲಾಕಿಗಿಂತ ಹೆಚ್ಚು ಅಗಲ. ಆ ಅಗಲವನ್ನೇ ಹಿಡಿದು, ಅಷ್ಟು ಜಾಗ ಒಟ್ಟಿಗೆ ಸಿಗದಂತೆ ಜಗಲಿಯ ನೆಲವನ್ನು ಅಲ್ಲಲ್ಲಿ ಕಡಿದು ಅದು ಹುಟ್ಟುವುದನ್ನೇ ತಪ್ಪಿಸಿದರು.

ಮುಂದಿನ ಪಾಠ ಸಂಖ್ಯೆಯದು. ಗೋಪುರ ಸರಿಯಾಗೇ ಇದೆ, ಆದರೂ ಗಂಟೆಗೆ ನಾಲ್ಕಾರು ಜೋಂಬಿ ಬಿದ್ದರೆ ಹೆಚ್ಚು. ಏಕೆ? ಒಬ್ಬನೇ ಆಡುವ ಲೋಕದಲ್ಲಿ ಒಂದು ಹೊತ್ತಿಗೆ ಸುಮಾರು 70 ಶತ್ರು ಜೀವಿಗಳಿಗಷ್ಟೇ ಅವಕಾಶ. ಗೋಪುರದ ಕೆಳಗಿನ ಗುಹೆಗಳಲ್ಲಿ, ಯಾರ ಕಣ್ಣಿಗೂ ಬೀಳದೆ, ಆ ಎಪ್ಪತ್ತೂ ತುಂಬಿಕೊಂಡಿರುತ್ತವೆ. ಇದು ತಿಳಿದ ಮೇಲೆ ಆಟಗಾರರು ಪಂಜಿನ ಕಂತೆ ಹೊತ್ತು ಸುತ್ತಲಿನ ಗುಹೆಗಳಿಗೆಲ್ಲ ಇಳಿದು ಬೆಳಕು ಹಚ್ಚತೊಡಗಿದರು. ಬಲೆ ಕಟ್ಟಲು ಒಂದು ಸಂಜೆ, ಗುಹೆ ಬೆಳಗಿಸಲು ವಾರಗಟ್ಟಲೆ. ಆಮೇಲೆ ಇನ್ನೊಂದು ಜಾಣತನ ಬಂತು. ಆಟಗಾರನಿಂದ 24 ಬ್ಲಾಕಿನೊಳಗೆ ಏನೂ ಹುಟ್ಟುವುದಿಲ್ಲ, 128 ಬ್ಲಾಕಿನಾಚೆ ಇರುವುದು ಆ ಕ್ಷಣವೇ ಮಾಯವಾಗುತ್ತದೆ. ಹಾಗಾದರೆ ನೆಲದಿಂದ 128ಕ್ಕಿಂತ ಎತ್ತರದಲ್ಲಿ ನಿಂತರೆ ಕೆಳಗಿನ ಎಲ್ಲ ಗುಹೆಯೂ ಲೆಕ್ಕದಿಂದ ಹೊರಗೆ. ಪಂಜು ಹೊತ್ತು ಅಲೆಯುವುದು ತಪ್ಪಿತು, ಗೋಪುರಗಳು ಮುಗಿಲಿಗೆ ಏರಿದವು. ಕೆಲವರು ಕಡಲ ನಡುವೆ ಹೋಗಿ ನೀರಿನ ಮೇಲೆ ಕಟ್ಟಿದರು. ದೊಡ್ಡ ಮೈನ್‌ಕ್ರಾಫ್ಟ್ ಲೋಕಗಳಲ್ಲಿ ಆಕಾಶದಲ್ಲಿ ತೇಲುವ ಬೂದು ಡಬ್ಬಿಗಳು ಕಂಡರೆ ಅವು ಅಲಂಕಾರವಲ್ಲ, ಈ ಎರಡು ಅಂಕಿಗಳ ಫಲ.

ಬಲೆಯ ಗುರಿಯೂ ಬದಲಾಗುತ್ತ ಬಂತು. ಮೊದಮೊದಲು ಬೇಕಿದ್ದದ್ದು ವಸ್ತು: ಅಸ್ಥಿಪಂಜರದಿಂದ ಬಾಣ ಮತ್ತು ಎಲುಬು, ಜೇಡದಿಂದ ದಾರ, ಕ್ರೀಪರ್‌ನಿಂದ ಸಿಡಿಮದ್ದು. ಎಲುಬು ಪುಡಿ ಮಾಡಿದರೆ ಗೋಧಿಗೆ ಗೊಬ್ಬರ. ಐದು ಸಿಡಿಮದ್ದು, ನಾಲ್ಕು ಮರಳು ಸೇರಿದರೆ ಟಿಎನ್‌ಟಿ. 2011ರ ನವೆಂಬರ್ 18ರಂದು ಪೂರ್ಣ ಆವೃತ್ತಿ ಹೊರಬಂದಾಗ ಆಯುಧಕ್ಕೆ ಮಂತ್ರ ಹಾಕುವ ಪದ್ಧತಿ ಬಂತು, ಅದಕ್ಕೆ ಅನುಭವದ ಅಂಕ ಬೇಕಾಯಿತು. ಬಿದ್ದು ತಾನಾಗಿ ಸತ್ತ ಜೀವಿ ಅಂಕ ಕೊಡುವುದಿಲ್ಲ, ಆಟಗಾರನ ಏಟು ಬೀಳಬೇಕು. 22ರ ಬೆಲೆ ತಿಳಿದದ್ದು ಆಗ. ಎಷ್ಟೋ ಹಳೆಯ ಗೋಪುರಗಳ ತಳವನ್ನು ಒಂದೊಂದು ಬ್ಲಾಕ್ ಏರಿಸಲಾಯಿತು.

2012ರ ಮಾರ್ಚಿನಲ್ಲಿ ಗೋಪುರಗಳಿಗೆ ಪೆಟ್ಟು ಬಿತ್ತು. ಜೀವಿಗಳು ದಾರಿ ಹುಡುಕುವ ಬುದ್ಧಿಯನ್ನು ಆಟ ಕಟ್ಟುವವರು ತಿದ್ದಿದರು. ಅವು ಅಂಚಿಗೆ ಬಂದು ಹಳ್ಳ ಕಂಡರೆ ಕಾಲಿಡದೆ ಹಿಂತಿರುಗತೊಡಗಿದವು. ತಾವಾಗಿ ಅಡ್ಡಾಡಿ ಕಾಲುವೆಗೆ ಬೀಳುತ್ತಿದ್ದ ಕಾಲ ಮುಗಿಯಿತು ಎಂದುಕೊಂಡಾಗ ಅದೇ ಹೊಸ ಬುದ್ಧಿಯಲ್ಲಿ ಒಂದು ಕುರುಡು ಸಿಕ್ಕಿತು. ನೆಲಬಾಗಿಲು ತೆರೆದಿದ್ದರೂ ಮುಚ್ಚಿದ್ದರೂ ಅವುಗಳ ಕಣ್ಣಿಗೆ ಅದು ಗಟ್ಟಿ ನೆಲ. ಅಂಚಿನುದ್ದಕ್ಕೂ ತೆರೆದ ನೆಲಬಾಗಿಲು ಜೋಡಿಸಿದರೆ ಸಾಕು, ನೆಲವೆಂದೇ ನಂಬಿ ಹೆಜ್ಜೆ ಇಡುತ್ತವೆ. ಆಟ ಕಟ್ಟುವವರು ತಿದ್ದುವುದು, ಆಡುವವರು ತಿದ್ದುಪಡಿಯನ್ನೇ ಓದಿ ಅದರೊಳಗಿನಿಂದ ದಾರಿ ತೆಗೆಯುವುದು. ಈ ಜುಗಲಬಂದಿ ಅಲ್ಲಿಂದ ನಿಂತದ್ದೇ ಇಲ್ಲ.

ಯಂತ್ರಗಳ ಕಥೆ ಶುರುವಾಗುವುದು 2010ರ ಜುಲೈನಲ್ಲಿ, ರೆಡ್‌ಸ್ಟೋನ್ ಎಂಬ ಕೆಂಪು ಪುಡಿಯಿಂದ. ನೆಲದ ಮೇಲೆ ಎಳೆದರೆ ಅದು ತಂತಿಯಂತೆ ಸಂಕೇತ ಒಯ್ಯುತ್ತದೆ. ಅದರ ಜೊತೆಗೇ ಸನ್ನೆಕೋಲು, ಒತ್ತುಗುಂಡಿ, ಕಾಲಿಟ್ಟರೆ ಒತ್ತುವ ಫಲಕಗಳು ಬಂದವು. ಕಲ್ಲಿನ ಫಲಕಕ್ಕೆ ಜೀವಿಯ ತೂಕವೇ ಬೇಕು, ಮರದ ಫಲಕ ಬಿದ್ದ ವಸ್ತುವಿಗೂ ಎಚ್ಚರಗೊಳ್ಳುತ್ತದೆ. ಈ ಸಣ್ಣ ಭೇದದಿಂದ ಎಷ್ಟೋ ಬಲೆಗಳು ಹುಟ್ಟಿದವು. ಮುಂದಿನ ವರ್ಷ ಜೂನ್ ಕೊನೆಯಲ್ಲಿ ಬ್ಲಾಕುಗಳನ್ನು ತಳ್ಳುವ ಪಿಸ್ಟನ್ ಬಂತು. ಅದು ಆಟ ಕಟ್ಟುವ ಮೊಜಾಂಗ್ ಕಂಪನಿಯ ಕಲ್ಪನೆಯಲ್ಲ. ಹಿಪ್ಪೊಪ್ಲಾಟಿಮಸ್ ಎಂಬ ಅಡ್ಡಹೆಸರಿನ ಆಟಗಾರ ತಾನೇ ಮಾಡಿ ಹಂಚಿದ್ದ ಸೇರ್ಪಡೆಯನ್ನು ಕಂಪನಿ ಆಟದೊಳಕ್ಕೆ ಬರಮಾಡಿಕೊಂಡಿತು. ಆಡುವವನ ಕೈಕೆಲಸ ಆ ಲೋಕದ ಪ್ರಕೃತಿ ನಿಯಮವಾಗುವುದು ಸಾಮಾನ್ಯ ಗೌರವವಲ್ಲ. ಇನ್ನು 2013ರ ಮಾರ್ಚಿನ ಹಾಪರ್. ಐದು ಕಬ್ಬಿಣದ ಗಟ್ಟಿ, ಒಂದು ಪೆಟ್ಟಿಗೆ ಸೇರಿಸಿ ಮಾಡುವ ಈ ಲಾಳಿಕೆ ತನ್ನ ಮೇಲೆ ಬಿದ್ದ ವಸ್ತುವನ್ನು ನುಂಗಿ ಸೆಕೆಂಡಿಗೆ ಎರಡೂವರೆಯಂತೆ ಪಕ್ಕದ ಪೆಟ್ಟಿಗೆಗೆ ಸಾಗಿಸುತ್ತದೆ. ಅದಕ್ಕೆ ಮೊದಲು ಬಲೆಯ ಬುಡದಲ್ಲಿ ನಿಂತು ಆಯಬೇಕಿತ್ತು. ನೆಲದ ಮೇಲೆ ಬಿದ್ದದ್ದು ಐದು ನಿಮಿಷದಲ್ಲಿ ಮಾಯವಾಗುತ್ತದಲ್ಲ. ಹಾಪರ್ ಬಂದ ಮೇಲೆ ಬಲೆ ತಾನೇ ಆಯ್ದು, ತಾನೇ ವಿಂಗಡಿಸಿ, ತಾನೇ ಕಣಜ ತುಂಬತೊಡಗಿತು.

ಬಲೆಯಿಂದ ಬಾರದ ಸಂಪತ್ತಿಗೆ ನೆಲ ಅಗೆಯಲೇಬೇಕು. 2021ರವರೆಗೆ ವಜ್ರ ಹುಡುಕುವವರ ಮಂತ್ರ 11. ವಜ್ರ ಹೆಚ್ಚಾಗಿ ಸಿಗುತ್ತಿದ್ದದ್ದು ತಳದಿಂದ 5 ಮತ್ತು 12ನೇ ಮಟ್ಟದ ನಡುವೆ, ಆದರೆ 10 ಮತ್ತು ಅದರ ಕೆಳಗಿನ ಗುಹೆಗಳಲ್ಲಿ ಲಾವಾ ತುಂಬಿರುತ್ತಿತ್ತು. 11ರಲ್ಲಿ ನಿಂತರೆ ಲಾವಾ ಕಾಲ ಕೆಳಗೆ, ವಜ್ರ ಕಣ್ಣಳತೆಯಲ್ಲಿ. ಅಲ್ಲಿ ಒಂದಾಳು ನಡೆಯುವಷ್ಟು ಸುರಂಗ ತೋಡಿ, ನಡುವೆ ಎರಡು ಬ್ಲಾಕ್ ದಪ್ಪದ ಗೋಡೆ ಬಿಟ್ಟು ಪಕ್ಕದಲ್ಲಿ ಇನ್ನೊಂದು. ಗೋಡೆಯ ಒಂದು ಪದರ ಈ ಕಡೆ ಕಾಣುತ್ತದೆ, ಇನ್ನೊಂದು ಆ ಕಡೆ. ಯಾವುದೂ ಕಣ್ತಪ್ಪಿ ಉಳಿಯುವುದಿಲ್ಲ. ಕನಿಷ್ಠ ಅಗೆತಕ್ಕೆ ಗರಿಷ್ಠ ನೋಟ ಕೊಡುವ ಈ ಪದ್ಧತಿಯನ್ನು ಶಾಲೆಯಲ್ಲಿ ಗಣಿತ ಕಂಡರೆ ಓಡುವ ಮಕ್ಕಳೂ ಮರುಮಾತಿಲ್ಲದೆ ಒಪ್ಪಿಕೊಂಡರು. 2021ರ ನವೆಂಬರ್ 30ರ ಆವೃತ್ತಿ ಲೋಕದ ತಳವನ್ನು ಸೊನ್ನೆಯಿಂದ ಮೈನಸ್ 64ಕ್ಕೆ ಇಳಿಸಿತು. ಆಳಕ್ಕೆ ಹೋದಷ್ಟೂ ವಜ್ರ ಹೆಚ್ಚಾಯಿತು, ಹನ್ನೊಂದರ ಮಂತ್ರ ಒಂದೇ ದಿನದಲ್ಲಿ ಹಳತಾಯಿತು. ಅದೇ ಆವೃತ್ತಿ ಬೆಳಕಿನ ನಿಯಮವನ್ನೂ ಬಿಗಿಗೊಳಿಸಿತು. ಈಗ ಶತ್ರು ಹುಟ್ಟಲು ಪಂಜಿನ ಬೆಳಕು ಪೂರ್ಣ ಸೊನ್ನೆಯಾಗಿರಬೇಕು. ಮಬ್ಬು ಬೆಳಕಿನಲ್ಲೂ ನಡೆಯುತ್ತಿದ್ದ ಹಳೆಯ ಬಲೆಗಳು ಬರಿದಾದವು.

ಅಗೆಯದೆ ಕಲ್ಲು ಬೆಳೆಯುವ ವಿದ್ಯೆಯೂ ಇತ್ತು. ಹರಿಯುವ ಲಾವಾಕ್ಕೆ ನೀರು ತಾಗಿದಲ್ಲಿ ಕಲ್ಲು ಹುಟ್ಟುತ್ತದೆ. ಅದನ್ನು ಒಡೆದರೆ ಲಾವಾ ಮತ್ತೆ ಮುಂದೆ ಹರಿದು ಮತ್ತೆ ಕಲ್ಲು. ಒಂದು ಬಕೆಟ್ ಲಾವಾ, ಒಂದು ಬಕೆಟ್ ನೀರು, ಮುಗಿಯದ ಕಲ್ಲುಗಣಿ. ಈ ಒಂದು ತತ್ವದ ಮೇಲೇ ನೂಬ್‌ಕ್ರೂ ಎಂಬ ಹೆಸರಿನ ಆಟಗಾರ 2011ರಲ್ಲಿ ‘ಸ್ಕೈಬ್ಲಾಕ್’ ಲೋಕ ಕಟ್ಟಿದ. ಸುತ್ತ ಶೂನ್ಯ, ನಡುವೆ ಮಣ್ಣಿನ ಸಣ್ಣ ದ್ವೀಪ, ಒಂದು ಮರ, ಒಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಮತ್ತು ಒಂದು ಬಕೆಟ್ ಲಾವಾ. ಲಾವಾ ಚೆಲ್ಲಿದವನ ಆಟ ಅಲ್ಲಿಗೇ ಹೆಚ್ಚುಕಡಿಮೆ ಮುಗಿದಂತೆ. ಚೆಲ್ಲದವನು ಕಲ್ಲು ಬೆಳೆದು, ಕಲ್ಲಿನಿಂದ ಜಗಲಿ ಚಾಚಿ, ಜಗಲಿಗೆ ಚಾವಣಿ ಹಾಕಿ ಕತ್ತಲೆ ಮಾಡಿ ಜೋಂಬಿಗಳನ್ನು ಬರಮಾಡಿಕೊಳ್ಳುತ್ತಾನೆ. ಜೋಂಬಿ ಅಪರೂಪಕ್ಕೊಮ್ಮೆ ಕಬ್ಬಿಣದ ಗಟ್ಟಿ ಬಿಟ್ಟುಹೋಗುವ ನಿಯಮ ಬಂದ ಮೇಲೆ ಗಣಿಯೇ ಇಲ್ಲದ ಆ ಆಕಾಶದ್ವೀಪಕ್ಕೆ ಬಲೆಯೇ ಗಣಿಯಾಯಿತು.

ಕಬ್ಬಿಣದ ಕಥೆ ಮಾತ್ರ ಸ್ವಲ್ಪ ಮನಸ್ಸು ಕಲಕುವಂಥದ್ದು. 2012ರಲ್ಲಿ ಹಳ್ಳಿಗಳನ್ನು ಕಾಯಲು ಕಬ್ಬಿಣದ ಗೋಲೆಮ್ ಎಂಬ ದೈತ್ಯ ಬಂತು. ಕೊಂದರೆ ಮೂರರಿಂದ ಐದು ಗಟ್ಟಿ ಕಬ್ಬಿಣ. ಆಗಿನ ನಿಯಮದಲ್ಲಿ ಹಳ್ಳಿ ಎಂದರೆ ಬಾಗಿಲುಗಳ ಲೆಕ್ಕ. 21 ಬಾಗಿಲು, 10 ಜನ ಇದ್ದರೆ ಕಾವಲುಗಾರ ಹುಟ್ಟಬಹುದು. ಮನೆ ಬೇಡ, ಬಾಗಿಲಷ್ಟೇ ಸಾಕು. ಆಟಗಾರರು ಗಾಳಿಯಲ್ಲಿ ಬಾಗಿಲುಗಳನ್ನು ಸಾಲಾಗಿ ನೆಟ್ಟು, ಹಳ್ಳಿಗರನ್ನು ಗೂಡುಗಳಲ್ಲಿ ಕೂಡಿಹಾಕಿ, ಕಾಯಲು ಬಂದ ಗೋಲೆಮನ್ನು ಲಾವಾಕ್ಕೆ ತಳ್ಳಿದರು. ಟ್ಯಾಂಗೊ ಟೆಕ್ ಎಂಬ ಹೆಸರಿನಲ್ಲಿ ವಿಡಿಯೊ ಮಾಡುವ ಆಟಗಾರನ ‘ಐರನ್ ಟೈಟನ್’ ಒಂದರ ಮೇಲೊಂದು ಹಲವು ಹಳ್ಳಿಗಳನ್ನು ಹೆಣೆದ ಮಹಾಯಂತ್ರ. ಎಷ್ಟೋ ಲೋಕಗಳಲ್ಲಿ ಅದರ ಪ್ರತಿಗಳು ಎದ್ದವು. 2019ರ ಏಪ್ರಿಲ್ 23ರಂದು ಹಳ್ಳಿಯ ನಿಯಮ ಬಾಗಿಲಿನಿಂದ ಹಾಸಿಗೆಗೆ ಬದಲಾಯಿತು, ಟೈಟನ್‌ಗಳು ಒಂದೇ ಏಟಿಗೆ ಸ್ಥಗಿತಗೊಂಡವು. ಹೊಸ ನಿಯಮದಲ್ಲಿ ಹಳ್ಳಿಗರು ಹೆದರಿದರೆ ಗೋಲೆಮ್ ಬೇಗ ಬರುತ್ತದೆ. ಹಾಗಾಗಿ ಇಂದಿನ ಕಂಪ್ಯೂಟರ್ ಆವೃತ್ತಿಯ ಕಬ್ಬಿಣದ ಬಲೆಯಲ್ಲಿ ಮೂವರು ಹಳ್ಳಿಗರು, ಮೂರು ಹಾಸಿಗೆ, ಎದುರಿಗೆ ಸದಾ ಕಣ್ಣಿಗೆ ಬೀಳುವಂತೆ ಕಟ್ಟಿಹಾಕಿದ ಒಂದು ಜೋಂಬಿ. ಭಯವೇ ಇಲ್ಲಿ ಕಚ್ಚಾವಸ್ತು. ಅವು ಬರೀ ಬ್ಲಾಕಿನ ಬೊಂಬೆಗಳೆಂದು ತಿಳಿದಿದ್ದರೂ ಈ ಯಂತ್ರ ಕಟ್ಟಲು ಒಲ್ಲದ ಆಟಗಾರರು ಇದ್ದಾರೆ. ಅವರ ಹಿಂಜರಿಕೆಯಲ್ಲಿ ಅರ್ಥವಿದೆ.

ಮನುಷ್ಯರ ಮೇಲೇ ಒಡ್ಡಿದ ಬಲೆಗಳದು ಇನ್ನೊಂದು ಪರಂಪರೆ. ಹಲವರು ಕೂಡಿ ಆಡುವ ಲೋಕಗಳಲ್ಲಿ ಕಳ್ಳತನಕ್ಕೆ ಕಾವಲು ಬೇಕಾದಾಗ ಬಾಗಿಲ ಮುಂದಿನ ಒತ್ತುಫಲಕದ ಕೆಳಗೆ ಟಿಎನ್‌ಟಿ ಹೂತರು, ಪಿಸ್ಟನ್ ಎಳೆದಾಗ ಕುಸಿಯುವ ನೆಲ ಮಾಡಿದರು. ಆಟ ಕಟ್ಟುವವರೂ ಈ ಕಲೆಗೆ ಕೈಹಾಕಿದರು. 2012ರ ಆಗಸ್ಟ್ 1ರ ಆವೃತ್ತಿಯಲ್ಲಿ ಮರುಭೂಮಿಯ ಪಿರಮಿಡ್ ಬಂತು. ಅದರ ನೆಲಮಾಳಿಗೆಯಲ್ಲಿ ನಾಲ್ಕು ನಿಧಿಪೆಟ್ಟಿಗೆ, ನಡುವೆ ಒಂದು ಕಲ್ಲಿನ ಒತ್ತುಫಲಕ, ಅದರಡಿ ಒಂಬತ್ತು ಟಿಎನ್‌ಟಿ. ಮೇಲಿನಿಂದ ನೇರ ಹಾರಿದವನು ನಿಧಿಯೊಂದಿಗೆ ತಾನೂ ಹೋಗುತ್ತಾನೆ. ಅದೇ ಆವೃತ್ತಿಯ ಕಾಡಿನ ಗುಡಿಯಲ್ಲಿ ಕಾಲಿಗೆ ತೊಡರುವ ದಾರ ಎಳೆದರೆ ಗೋಡೆಯಿಂದ ಬಾಣ. ಮುಂದಿನ ವರ್ಷ ಬಂದ ಬಲೆಪೆಟ್ಟಿಗೆ ಮುಚ್ಚಳ ತೆರೆದ ಕೂಡಲೇ ಸಂಕೇತ ಕಳಿಸುತ್ತದೆ. ನೋಡಲು ಮಾಮೂಲಿ ಪೆಟ್ಟಿಗೆಯೇ, ಬೀಗದ ಸುತ್ತ ಒಂದಿಷ್ಟು ಕೆಂಪು ಛಾಯೆ. ಸೂಕ್ಷ್ಮವಾಗಿ ನೋಡಿದವನಿಗೆ ತಪ್ಪಿಸಿಕೊಳ್ಳಲು ಅಷ್ಟು ಅವಕಾಶ ಬಿಟ್ಟದ್ದು ಒಳ್ಳೆಯ ವಿನ್ಯಾಸ. ಸುಳಿವೇ ಇಲ್ಲದ ಬಲೆಯಲ್ಲಿ ಸಿಕ್ಕವನಿಗೆ ಕಲಿಯಲು ಏನೂ ಇರುವುದಿಲ್ಲ.

ಇಷ್ಟು ಸೂಕ್ಷ್ಮ ಲೆಕ್ಕಗಳು ಬರೀ ಆಡಿ ನೋಡಿ ಸಿಕ್ಕಿದ್ದಲ್ಲ. 2010ರಿಂದಲೇ ಒಂದು ಗುಂಪು ಆಟದ ಕೋಡನ್ನು ಬಿಚ್ಚಿ ಓದುವ ಸಲಕರಣೆಯನ್ನು ಸಿದ್ಧಪಡಿಸಿತ್ತು. ಅದರ ಮುಂದಾಳು ಸರ್ಜ್ ಎಂಬ ಹೆಸರಿನ ಮಿಖಾಯೆಲ್ ಸ್ಟೋಯ್ಕೆ. ಅವರನ್ನು ಮುಂದೆ ಮೊಜಾಂಗ್ ಕಂಪನಿಯೇ ಕೆಲಸಕ್ಕೆ ಕರೆದುಕೊಂಡಿತು. ಕೋಡ್ ಓದಿದವರು ಜೀವಿ ಎಲ್ಲಿ ಹುಟ್ಟಬೇಕೆಂದು ಆಟ ಹೇಗೆ ಆರಿಸುತ್ತದೆ, ಆಟದ ಕಾಲ ಸೆಕೆಂಡಿಗೆ 20 ಮಿಡಿತದಂತೆ ಹೇಗೆ ಸಾಗುತ್ತದೆ ಎಂಬುದನ್ನೆಲ್ಲ ಬಿಡಿಸಿಟ್ಟರು. ಒಂದೇ ಮಿಡಿತದೊಳಗೆ ಪಿಸ್ಟನ್ ಆಡಿಸಿ ಕಬ್ಬಿನ ಬುಡದ ಮಣ್ಣನ್ನು ಸರಿಸಿದರೆ ಕಬ್ಬು ಆ ಕ್ಷಣದಲ್ಲೇ ಬೆಳೆಯುವ ಲೋಪವೊಂದು ಹೀಗೆ ಬಯಲಾಯಿತು. ಆ ಯಂತ್ರಗಳು ಕೆಲಕಾಲ ಮೆರೆದು 2020ರ ಜೂನ್ ಆವೃತ್ತಿಯಲ್ಲಿ ಕೊನೆಗೊಂಡವು. ಫೋನಿನ ಆವೃತ್ತಿಯ ಒಳಗಟ್ಟು ಬೇರೆಯಾದ್ದರಿಂದ ಅಲ್ಲಿನ ಲೆಕ್ಕಗಳೂ ಬೇರೆ. ಕಂಪ್ಯೂಟರಿನವರ ವಿಡಿಯೊ ನೋಡಿ ಫೋನಿನಲ್ಲಿ ಕಬ್ಬಿಣದ ಬಲೆ ಕಟ್ಟಿದ ಮಕ್ಕಳಿಗೆ ಗೋಲೆಮ್ ಬಾರದಿರುವುದಕ್ಕೆ ಇದೇ ಕಾರಣ: ಅಲ್ಲಿ 20 ಹಾಸಿಗೆ, 10 ಹಳ್ಳಿಗರು ಬೇಕು.

2014ರಲ್ಲಿ ಮೈಕ್ರೊಸಾಫ್ಟ್ 250 ಕೋಟಿ ಡಾಲರಿಗೆ ಮೊಜಾಂಗನ್ನು ಕೊಂಡಿತು. 2023ರ ಹೊತ್ತಿಗೆ ಆಟದ 30 ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಬಲೆ ಕಟ್ಟುವವರ ಮಟ್ಟಿಗೆ ಇವಕ್ಕಿಂತ ದೊಡ್ಡ ಸುದ್ದಿ 2016ರದು. ಆ ವರ್ಷ ಎಲಿಟ್ರಾ ಎಂಬ ರೆಕ್ಕೆ ಬಂತು, ವರ್ಷದ ಕೊನೆಗೆ ಬಾಣಬಿರುಸು ಹಚ್ಚಿದರೆ ಆ ರೆಕ್ಕೆಗೆ ವೇಗ ಸಿಗುವಂತಾಯಿತು. ಬಾಣಬಿರುಸಿಗೆ ಬೇಕಾದದ್ದು ಕಾಗದ ಮತ್ತು ಸಿಡಿಮದ್ದು. ಅಲ್ಲಿಯವರೆಗೆ ಮನೆ ಹಾರಿಸುವ ಪೀಡೆಯಾಗಿದ್ದ ಕ್ರೀಪರ್ ದಿನನಿತ್ಯದ ಪ್ರಯಾಣಕ್ಕೆ ಇಂಧನವಾಯಿತು. ಬೇರೆ ಏನೂ ಬೇಡ, ಕ್ರೀಪರ್ ಮಾತ್ರ ಬೇಕು ಎಂಬ ಬಲೆಗೆ ಬೇಡಿಕೆ ಬಂತು.

ಉತ್ತರ ಅದರ ಎತ್ತರದಲ್ಲಿತ್ತು. ಜೋಂಬಿ, ಅಸ್ಥಿಪಂಜರಗಳ ಎತ್ತರ ಎರಡು ಬ್ಲಾಕಿಗೆ ಸ್ವಲ್ಪವೇ ಕಡಿಮೆ, ಕ್ರೀಪರ್‌ನದು 1.7. ಎರಡು ಬ್ಲಾಕ್ ಎತ್ತರದ ಕೋಣೆಯ ಚಾವಣಿಗೆ ತೆಳು ನೆಲಬಾಗಿಲುಗಳನ್ನು ಹೊಡೆದರೆ ಉಳಿಯುವ ಜಾಗದಲ್ಲಿ ಕ್ರೀಪರ್ ಹಿಡಿಸುತ್ತದೆ, ಉಳಿದೆರಡು ಹಿಡಿಸುವುದಿಲ್ಲ. ಜೇಡಕ್ಕೆ ಅಗಲ ಸಿಗದಂತೆ ನೆಲದ ಏರ್ಪಾಡು ಹೇಗೂ ಗೊತ್ತಿತ್ತು. ಕ್ರೀಪರ್‌ಗೆ ಬೆಕ್ಕು ಕಂಡರೆ ಆಗದು. ಕೋಣೆಯ ನಡುವೆ ಒಂದು ಬೆಕ್ಕು ಕೂರಿಸಿದರೆ ಹುಟ್ಟಿದ್ದೆಲ್ಲ ಅದರಿಂದ ದೂರ ಓಡಿ ಅಂಚಿನ ತೆರೆದ ನೆಲಬಾಗಿಲಿಗೆ ಕಾಲಿಟ್ಟು ಗುಂಡಿಗೆ ಬೀಳುತ್ತವೆ. ಬೆಳಕು, ಎತ್ತರ, ಅಗಲ, ಬೆಕ್ಕಿನ ಭಯ, ನೆಲಬಾಗಿಲಿನ ಕುರುಡು, 23 ಬ್ಲಾಕಿನ ಆಳ. ಒಂದೊಂದನ್ನೂ ಬೇರೆಬೇರೆ ವರ್ಷದಲ್ಲಿ ಬೇರೆಬೇರೆ ಮಂದಿ ಕಂಡುಕೊಂಡದ್ದು, ಎಲ್ಲ ಒಂದೇ ಕೋಣೆಯಲ್ಲಿ ಕೂಡಿವೆ. ಈ ಪುಟ್ಟ ಕಟ್ಟಡದ ಮುಂದೆ ಐರನ್ ಟೈಟನ್‌ನಂಥ ದೈತ್ಯಯಂತ್ರಗಳೂ ಸಪ್ಪೆ.

2024ರ ಜೂನ್ 13ರ ಆವೃತ್ತಿ ಎಂದಿನಂತೆ ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಟ್ಟಿತು. ಹಳ್ಳಿಯ ಮೇಲೆ ದಾಳಿಕೋರರನ್ನು ಎಡೆಬಿಡದೆ ಬರಮಾಡಿಕೊಂಡು ಪಚ್ಚೆ ಕೊಯ್ಯುತ್ತಿದ್ದ ಬಲೆಗಳು ದಾಳಿ ತರುವ ‘ಅಪಶಕುನ’ದ ಹೊಸ ನಿಯಮದಿಂದ ಕೆಟ್ಟವು. ಅದೇ ದಿನ ಕ್ರಾಫ್ಟರ್ ಎಂಬ ಬ್ಲಾಕ್ ಬಂತು. ವಸ್ತು ತುಂಬಿ ರೆಡ್‌ಸ್ಟೋನ್ ಸಂಕೇತ ಕೊಟ್ಟರೆ ಅದು ತಾನೇ ಜೋಡಿಸಿ ಕೊಡುತ್ತದೆ. ಆಟಗಾರರು ಅದರ ಒಂದು ಬದಿಗೆ ಕಬ್ಬಿನ ತೋಟದಿಂದ ಬರುವ ಹಾಪರ್ ಸೇರಿಸಿದರು, ಇನ್ನೊಂದು ಬದಿಗೆ ಕ್ರೀಪರ್ ಕೋಣೆಯ ಹಾಪರ್. ಕಬ್ಬು ಮೊದಲು ಕಾಗದವಾಗುತ್ತದೆ, ಕಾಗದಕ್ಕೆ ಸಿಡಿಮದ್ದು ಸೇರುತ್ತದೆ. ಪ್ರತಿ ಜೋಡಿಗೆ ಮೂರರಂತೆ ಬಾಣಬಿರುಸುಗಳು ಪೆಟ್ಟಿಗೆಗೆ ಬೀಳುತ್ತವೆ.